ಉಪಕರಣ ಭಂಡಾರ: ನೆರೆಹೊರೆಯ ಸೊತ್ತು



ಪುಸ್ತಕಗಳನ್ನು ಎರವಲು ಕೊಡುವ ಗ್ರಂಥಾಲಯವನ್ನು ನಾವೆಲ್ಲರೂ ಬಲ್ಲೆವು. ಏಣಿ, ಗರಗಸ, ಹಾರೆ, ಗುದ್ದಲಿಗಳನ್ನೂ ಅದೇ ರೀತಿ ಎರವಲು ಕೊಡುವ ಭಂಡಾರಗಳ ವಿಚಾರವಾಗಿ ಕೆಲವು ಮಾತುಗಳನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಅಮೆರಿಕದ ಮಿಷಿಗನ್ ಸಂಸ್ಥಾನದ ಗ್ರೋಸ್ ಪಾಯಿಂಟ್‌ನಲ್ಲಿ, ಮಹಾಯುದ್ಧದ ದಿನಗಳಲ್ಲಿ, 1943ರಲ್ಲಿಯೇ ಇಂತಹ ಸಂಗ್ರಹವೊಂದು ಆರಂಭವಾಯಿತು. 1979ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಸಾರ್ವಜನಿಕ ಗ್ರಂಥಾಲಯವು ಸುಮಾರು 30,000 ಡಾಲರುಗಳ ಸರ್ಕಾರಿ ನೆರವಿನಿಂದ, ಒಂದು ಟ್ರೇಲರಿನಲ್ಲಿ ಈ ಕಾರ್ಯವನ್ನು ಕೈಗೊಂಡಿತು. ಅದು ಇಂದಿಗೂ ನಡೆಯುತ್ತಿದೆ. ಆ ಊರಿನ ವಯಸ್ಕ ನಿವಾಸಿಗಳು ವಿಳಾಸದ ಆಧಾರ ತೋರಿಸಿ, ಹೊಣೆಗಾರಿಕೆಯ ಪತ್ರಕ್ಕೆ ಸಹಿ ಹಾಕಿ, ಉಪಕರಣಗಳನ್ನು ಉಚಿತವಾಗಿ ಒಯ್ಯಬಹುದು. 2015ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿಯೂ ಇಂತಹ ಭಂಡಾರ ತೆರೆಯಿತು.

ನಮ್ಮ ಹಿರಿಯರಿಗೂ ಇದರ ತಿರುಳು ಹೊಸದಲ್ಲ. ಮದುವೆಯ ಮನೆಗೆ ಹಂಡೆ, ಕೊಪ್ಪರಿಗೆ, ಜಮಖಾನಗಳು ನೆರೆಮನೆಗಳಿಂದಲೇ ಬರುತ್ತಿದ್ದವು. ಕರ್ನಾಟಕ ಸರ್ಕಾರವು 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯೂ, ಸಣ್ಣ ರೈತನು ಕೊಳ್ಳಲಾರದ ಯಂತ್ರವನ್ನು ಬಾಡಿಗೆಗೆ ಒದಗಿಸಿತು.

ಹಾಗಾದರೆ ಭಂಡಾರವೇಕೆ, ನೆರೆಮನೆಯೇ ಸಾಲದೇ ಎಂದು ತಾವು ಕೇಳಬಹುದು. ನನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮ ತಂದೆಯವರು ಪಕ್ಕದ ಮನೆಯಿಂದ ತಂದ ಏಣಿಯ ಮೆಟ್ಟಿಲೊಂದು ಮುರಿಯಿತು. ಮೊದಲೇ ಬಿರುಕಿತ್ತೆಂದು ಇವರು, ಇರಲಿಲ್ಲವೆಂದು ಅವರು. ಎರಡು ವರ್ಷ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಅಂದಿನಿಂದ ನಮ್ಮ ತಾಯಿಯವರು ಯಾರ ಬಾಗಿಲಿಗೂ ಏನನ್ನೂ ಕೇಳಲು ಹೋಗಲಿಲ್ಲ.

ಕೇಳುವವನು ತಲೆ ತಗ್ಗಿಸಬೇಕು, ಕೊಡುವವನು ಅಂಜಬೇಕು. ಎಲ್ಲರಿಗೂ ಸೇರಿದ ಭಂಡಾರದಲ್ಲಿ ಈ ಎರಡೂ ಇಲ್ಲ. ಅಲ್ಲಿ ಬಡವನು ಹಂಗಿಗನಲ್ಲ, ಪಾಲುದಾರ. ಉಳಿ, ಬಾಚಿ ಕೊಳ್ಳಲು ಹಣವಿಲ್ಲದ ತರುಣನು ಅಲ್ಲಿಂದಲೇ ಬಡಗಿಯ ಕೆಲಸಕ್ಕೆ ಕೈ ಹಚ್ಚಬಹುದು.

ಆದರೆ ಸದ್ಭಾವನೆಯೊಂದರಿಂದಲೇ ಭಂಡಾರ ನಡೆಯದು. ಒಂದು ದಾಖಲೆ ಪುಸ್ತಕ ಬೇಕು; ಕೊಡುವಾಗಲೂ ಹಿಂತಿರುಗಿ ಬಂದಾಗಲೂ ವಸ್ತುವಿನ ಸ್ಥಿತಿಯನ್ನು ಇಬ್ಬರೂ ನೋಡಿ ಬರೆಯಬೇಕು. ಹಿಂತಿರುಗಿಸುವ ದಿನ ಗೊತ್ತಾಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಗರಗಸಕ್ಕೆ ಸಾಣೆ ಹಿಡಿಸಿ, ಸಡಿಲಾದ ಹಿಡಿಯನ್ನು ಬಿಗಿದು, ತಂತಿ ಸವೆದ ವಿದ್ಯುತ್ ಉಪಕರಣವನ್ನು ಬದಿಗಿಡುವ ಒಬ್ಬ ಜವಾಬ್ದಾರಿಯುತ ಪಾಲಕನು ಬೇಕು. ಅವನಿಲ್ಲದಿದ್ದರೆ ಭಂಡಾರವು ಬಹುಬೇಗ ಗುಜರಿಯಾಗುತ್ತದೆ.

ಈ ಶತಮಾನೋತ್ಸವದ ಊಟಕ್ಕೆಂದು ಕೊಂಡ ಪಾತ್ರೆಗಳು, ಚಪ್ಪರಕ್ಕೆಂದು ತಂದ ಏಣಿಗಳು ಹಬ್ಬ ಮುಗಿದೊಡನೆ ಬೀಗದ ಕೋಣೆಯನ್ನು ಸೇರಲಿವೆ. ಆ ಕೋಣೆಯ ಬೀಗದ ಕೈಯನ್ನೂ ಒಂದು ದಾಖಲೆ ಪುಸ್ತಕವನ್ನೂ ನಂಬಿಕಸ್ಥರೊಬ್ಬರ ಕೈಗೆ ಒಪ್ಪಿಸಿದರೆ ಆರಂಭಕ್ಕೆ ಅಷ್ಟೇ ಸಾಕು. ಮೊದಲನೆಯ ವಸ್ತುವಾಗಿ ನನ್ನ ಮನೆಯ ಏಣಿಯನ್ನು ನಾನು ಕೊಡುತ್ತೇನೆ. ಅದರ ಮೆಟ್ಟಿಲುಗಳೆಲ್ಲ ಗಟ್ಟಿಯಾಗಿವೆ. ದಯವಿಟ್ಟು ನೋಡಿ ಬರೆದುಕೊಳ್ಳಿ.