ಸಾಲುಗಳ ನಡುವಿನ ಜಾಗ



ಪುಸ್ತಕಗಳ ವಿನ್ಯಾಸ ನನ್ನ ಕಸುಬು. ಹಗಲೆಲ್ಲ ಇಂಗ್ಲಿಷ್ ಅಕ್ಷರ ಜೋಡಿಸುವ ನನಗೆ ಸಂಘದ ಸಂಚಿಕೆಯ ಪುಟ ಕಟ್ಟುವುದೇ ಒಂದು ಹಬ್ಬ. ಆದರೆ "ಸಾಲು ಒತ್ತಿ ಹಾಕಿ, ಎರಡು ಪುಟ ಉಳಿಯುತ್ತೆ" ಎಂಬ ಸಲಹೆ ಪ್ರತಿ ವರ್ಷ ಬರುತ್ತದೆ. ನಾನು ಒಪ್ಪುವುದಿಲ್ಲ.

ಇಂಗ್ಲಿಷಿನಲ್ಲಿ ಗೆರೆಯ ಕೆಳಗಿಳಿಯುವುದು ಜಿ, ವೈಗಳಂಥ ಕೆಲವೇ ಅಕ್ಷರಗಳ ಬಾಲ. ನಮ್ಮಲ್ಲಿ 'ಅಮ್ಮ' ಎಂದು ಬರೆದರೂ ಒತ್ತು ಕೆಳಗಿಳಿಯಬೇಕು, 'ರಾಷ್ಟ್ರ'ಕ್ಕಂತೂ ಎರಡೆರಡು. ಮೇಲೆ ಗುಡಿಸು ಬೇರೆ. ಇಂಗ್ಲಿಷಿನ ಅಳತೆಗೆ ಸಾಲು ಒತ್ತಿದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಹಿರಿಯರಾದ ನಾವು ಊಹಿಸಿ ಓದಿಕೊಳ್ಳುತ್ತೇವೆ. ಭಾನುವಾರದ ಕನ್ನಡ ತರಗತಿಯ ಮಗು ಅಲ್ಲೇ ತಡವರಿಸಿ, ಪುಸ್ತಕ ಮುಚ್ಚಿ, "ಅಮ್ಮ, ನೀನೇ ಓದು" ಅನ್ನುತ್ತದೆ.

ಹಿಂದೆ ಕೈಯಲ್ಲಿ ಬರೆಯುವಾಗ ಎಲ್ಲಿ ಜಾಗ ಬಿಡಬೇಕೆಂದು ಕೈಗೇ ಗೊತ್ತಿರುತ್ತಿತ್ತು. 1998ರಲ್ಲಿ 'ಬರಹ' ತಂತ್ರಾಂಶ ಬಂದು ಮನೆಮನೆಯಲ್ಲೂ ಕನ್ನಡ ಮೂಡಿತು, ದೊಡ್ಡ ಉಪಕಾರವೇ ಸರಿ. ಆದರೆ ಕಂಪ್ಯೂಟರಿಗೆ ಜಾಗ ಬಿಡು ಎಂದು ನಾವೇ ಹೇಳಬೇಕು.

ಸಂಗೀತ ಬಲ್ಲವರಿಗೆ ಇದು ಹೊಸದಲ್ಲ. ಎಷ್ಟೋ ಕೃತಿಗಳು ತಾಳದ ಮೊದಲ ಏಟಿಗೆ ಶುರುವಾಗದೆ ಚೂರು ಬಿಟ್ಟು ಏಳುತ್ತವೆ. ಸೊಗಸೆಲ್ಲ ಆ ಬಿಟ್ಟದ್ದರಲ್ಲಿದೆ. ಹಾಸ್ಯವೂ ಅಷ್ಟೆ. 'ಲಂಚಾವತಾರ'ದ ಮಾಸ್ಟರ್ ಹಿರಣ್ಣಯ್ಯನವರು (1934–2019) ಮಾತಿನ ಮಳೆಯನ್ನೇ ಸುರಿಸುತ್ತಿದ್ದರು, ಆದರೂ ನಗುವಿಗೆ ಜಾಗ ಬಿಡುತ್ತಿದ್ದರು.

ಮಕ್ಕಳಿಗೆ ಪಾಠ ಟೈಪು ಮಾಡುವ ತಾಯಂದಿರು ಇಲ್ಲಿ ಅನೇಕರಿದ್ದೀರಿ. ಸಾಲಿನ ಅಂತರ ಒಂದೂವರೆಗೆ ಇಟ್ಟು ನೋಡಿ. ಎರಡು ಹಾಳೆ ಹೆಚ್ಚು ಹೋದರೆ ಹೋಗಲಿ.