ಅವರೆಕಾಳಿನ ಗುಟ್ಟು ಮತ್ತು ಕಮಲಾ ಸೊಹೊನಿ



ಅವರೆಕಾಳನ್ನು ನಮ್ಮ ತಾಯಂದಿರು ಚೆನ್ನಾಗಿ ಬೇಯಿಸಿಯೇ ಬಡಿಸುತ್ತಾರೆ. ಮರಾಠಿ ಮನೆಗಳಲ್ಲಿ ಅದಕ್ಕೆ ವಾಲ್ ಎಂದೋ ಪಾವಟಾ ಎಂದೋ ಹೆಸರು. ಹೆಸರು ಬೇರೆಯಾದರೂ ಬೇಯಿಸುವ ರೀತಿ ಒಂದೇ. ಇದರ ಹಿಂದಿನ ಕಾರಣವನ್ನು ಹುಡುಕಿದವರಲ್ಲಿ ಒಬ್ಬರು ಡಾ. ಕಮಲಾ ಸೊಹೊನಿ.

ನಾವು ತಿಂದ ಪ್ರೋಟೀನನ್ನು ಕರುಳಿನಲ್ಲಿ ಟ್ರಿಪ್ಸಿನ್ ಎಂಬ ಕಿಣ್ವ ತುಂಡರಿಸಿ ಅರಗಿಸುತ್ತದೆ. ಹಸಿ ಅವರೆಯಲ್ಲಿ ಈ ಟ್ರಿಪ್ಸಿನ್ನಿನ ಕೈ ಕಟ್ಟಿಹಾಕುವ ವಸ್ತುವೊಂದಿದೆ. ಚೆನ್ನಾಗಿ ಬೇಯಿಸಿದರೆ ಅದರ ಬಲ ಬಹುಮಟ್ಟಿಗೆ ಕುಂದುತ್ತದೆ. ಆ ವಸ್ತುವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ ಸಂಗತಿಯನ್ನು ಕಮಲಾಬಾಯಿಯವರು ಸಹಸಂಶೋಧಕರೊಡನೆ 1955ರಲ್ಲಿ ಪ್ರಕಟಿಸಿದರು.

ಇವರು ಇಂದೂರಿನಲ್ಲಿ ಹುಟ್ಟಿದ ಮರಾಠಿ ಹೆಣ್ಣುಮಗಳು. ಮರಾಠಿಯ ವಿದುಷಿ ದುರ್ಗಾ ಭಾಗವತರ ತಂಗಿ. 1933ರಲ್ಲಿ ಮುಂಬಯಿಯಲ್ಲಿ ಪದವಿ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಅಲ್ಲಿ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಕಮಲಾ ಸುಮ್ಮನೆ ಮರಳಲಿಲ್ಲ, ಕಾರಣ ಕೇಳಿ ಪಟ್ಟು ಹಿಡಿದರು. ಕೊನೆಗೆ ಒಂದು ವರ್ಷ ಪರೀಕ್ಷೆಯ ಮೇಲೆ ಸೇರಿಸಿಕೊಂಡರು.

ನಾನು ಬ್ಯಾಂಕಿನ ಗುಮಾಸ್ತನಾಗಿದ್ದವನು. ನಮಗೂ ಪ್ರೊಬೇಷನ್ ಇತ್ತು. ಆದರೆ ಅದು ಗಂಡು ಹೆಣ್ಣೆನ್ನದೆ ಎಲ್ಲರಿಗೂ ಒಂದೇ. ಕಮಲಾಬಾಯಿಯದು ಹೆಣ್ಣಾಗಿದ್ದಕ್ಕೆ ವಿಧಿಸಿದ ಪ್ರೊಬೇಷನ್.

ಅಲ್ಲಿ ಶ್ರೀನಿವಾಸಯ್ಯ ಎಂಬ ಗುರುಗಳ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿದರು. ವರ್ಷ ಮುಗಿದಾಗ ರಾಮನ್ ಅವರಿಗೆ ತೃಪ್ತಿಯಾಯಿತು. ಮುಂದೆ ಬೇರೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು.

ಆಮೇಲೆ ಇಂಗ್ಲೆಂಡಿನ ಕೇಂಬ್ರಿಜ್. ಜೀವಕೋಶದ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್-ಸಿ ಎಂಬ ಪ್ರೋಟೀನು ಸಸ್ಯಗಳಲ್ಲೂ ಇದೆಯೆಂದು, ಆಲೂಗಡ್ಡೆಯಿಂದ ಮೊದಲುಮಾಡಿ ತೋರಿಸಿದರು. 1939ರಲ್ಲಿ ಪಿಎಚ್.ಡಿ. ದೊರೆಯಿತು. ಅದೇ ವರ್ಷ ತಾಯ್ನಾಡಿಗೆ ಮರಳಿದರು. ಮುಂದೆ ಮುಂಬಯಿಯಲ್ಲಿ ಬೇಳೆಕಾಳುಗಳ ಜೊತೆಗೆ, ಹುಳಿಯದ ನೀರಾದ ಪೋಷಕ ಗುಣವನ್ನೂ ಪರೀಕ್ಷಿಸಿದರು. ಬಡವರ ಊಟವೇ ಅವರ ಪಾಠವಾಯಿತು. 1998ರಲ್ಲಿ ತೀರಿಕೊಂಡರು.

ಈ ಕಥೆ ಹೇಳಲು ನನಗೊಂದು ಕಾರಣವಿದೆ. ನನ್ನ ಮಗಳು ಹತ್ತನೆಯ ಇಯತ್ತೆ ಮುಗಿಸಿದಾಗ, "ಅಪ್ಪಾ, ನಾ ಸೈನ್ಸ್ ಓದತೀನಿ" ಅಂದಳು. ಕಾಲೇಜು ದೂರ, ಹೆಣ್ಣು ಹುಡುಗಿ ಎಂದು ನಾನೇ ಬೇಡವೆಂದೆ. ಅವಳು ಕಮಲಾ ಅವರಂತೆ ಪಟ್ಟು ಹಿಡಿಯಲಿಲ್ಲ, ತಂದೆಯ ಮಾತಿಗೆ ತಲೆಬಾಗಿದಳು. ರಾಮನ್ ಅವರಿಗೆ ತಮ್ಮ ಮನಸ್ಸು ಬದಲಿಸಲು ಒಂದು ವರ್ಷ ಸಾಕಾಯಿತು. ನನಗೆ ಇಪ್ಪತ್ತೈದು ವರ್ಷ ಹಿಡಿಯಿತು.

ಈಗ ಮೊಮ್ಮಗಳು ಅದೇ ಮಾತು ಕೇಳುತ್ತಿದ್ದಾಳೆ. ಬಸ್ಸಿನ ಪಾಸು ನಾನೇ ಮಾಡಿಸಿಕೊಡುತ್ತೇನೆಂದು ಹೇಳಿದ್ದೇನೆ. ಆಗ ಅವಳ ತಾಯಿ ಏನೂ ಅನ್ನಲಿಲ್ಲ, ಅವರೆಕಾಳಿನ ಪಲ್ಯ ಇನ್ನೊಂದು ಸೌಟು ನನ್ನ ತಾಟಿಗೆ ಹಾಕಿದಳು.