ರೋಗಿಯನ್ನು ತೂಗದ ಆಸ್ಪತ್ರೆ

(ಹೊಸಪೇಟೆಯಲ್ಲಿ ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಸಂತೆಯ ಸುಂಕ, ಇವುಗಳ ಬಗ್ಗೆ ಈ ಸಭೆಗಳಲ್ಲಿ ಮಾತನಾಡುತ್ತ ಬಂದಿದ್ದೇವೆ. ಈ ದಿನದ ವಿಷಯ ಬೇರೆ. ನಮ್ಮ ತಂದೆತಾಯಿಗಳು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ ಅವರ ತಟ್ಟೆಗೆ ಏನು ಬೀಳುತ್ತದೆ, ಬಿದ್ದದ್ದರಲ್ಲಿ ಎಷ್ಟು ಹೊಟ್ಟೆಗೆ ಹೋಗುತ್ತದೆ ಎಂಬುದು ಇಂದಿನ ವಿಷಯ. ಇದು ಅಡಿಗೆಮನೆಯ ಮಾತು, ಪಕ್ಷದ ಕೆಲಸವಲ್ಲ ಎಂದು ಯಾರಾದರೂ ಅಂದುಕೊಂಡಿದ್ದರೆ ದಯಮಾಡಿ ಸ್ವಲ್ಪ ಹೊತ್ತು ಕೂತು ಕೇಳಬೇಕು.

ಇಲ್ಲಿರುವ ವ್ಯಾಪಾರಿ ಬಂಧುಗಳು ತಕ್ಕಡಿಗೆ ಹಾಕದೆ ಒಂದು ಪಾವು ಶೇಂಗಾ ಕೊಡುವವರಲ್ಲ. ಆದರೆ ಎಪ್ಪತ್ತು ವರ್ಷದ ಮುದುಕಿಯನ್ನು ಆಸ್ಪತ್ರೆಗೆ ತಂದರೆ ಜ್ವರ ನೋಡುತ್ತಾರೆ, ರಕ್ತ ತೆಗೆಯುತ್ತಾರೆ, ಎಕ್ಸರೇ ಬರೆಯುತ್ತಾರೆ. ಎಷ್ಟೋ ಕಡೆ ಆಕೆಯನ್ನು ತೂಗುವುದೇ ಇಲ್ಲ. ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಸ್ಕಾಟ್ಲೆಂಡಿನಲ್ಲಿ ಡಂಡೀ ಎಂಬ ಊರಿದೆ, ಒಂದು ಕಾಲಕ್ಕೆ ಸೆಣಬಿನ ಗಿರಣಿಗಳಿಗೆ ಹೆಸರಾದದ್ದು. 1994ರಲ್ಲಿ ಅಲ್ಲಿಯ ವೈದ್ಯರು ಆಸ್ಪತ್ರೆ ಸೇರಿದ 500 ರೋಗಿಗಳನ್ನು ತೂಗಿ, ಅಳೆದು ಒಂದು ವರದಿ ಪ್ರಕಟಿಸಿದರು. ನೂರಕ್ಕೆ ನಲವತ್ತು ಮಂದಿ ಬರುವಾಗಲೇ ಸೊರಗಿದ್ದರು. ಆಸ್ಪತ್ರೆಯಲ್ಲಿದ್ದು ಮತ್ತೆ ತೂಗಿಸಿಕೊಂಡವರು ಸರಾಸರಿಯಲ್ಲಿ ನೂರಕ್ಕೆ ಐದು ಪಾಲಿಗಿಂತ ಹೆಚ್ಚು ತೂಕ ಕಳೆದುಕೊಂಡಿದ್ದರು. ಚಿಕಿತ್ಸೆಗೆ ಕಾಸು ಕೇಳದ ದೇಶದಲ್ಲಿ ಈ ಗತಿ!

ನಮ್ಮವರನ್ನು ನೆನೆಯಿರಿ. ಸಂಡೂರಿನ ಗಣಿಯಲ್ಲಿ ಅದಿರು ಒಡೆದು ಮುದುಕನಾದವನು, ಕಂಪ್ಲಿಯ ಗದ್ದೆಯಲ್ಲಿ ನಾಟಿ ಹಾಕಿ ಸೊಂಟ ಬಾಗಿದವಳು. ಹಲ್ಲು ಉದುರಿದೆ, ರೊಟ್ಟಿ ಅಗಿಯಲಾಗದು. ಮನೆಯಲ್ಲಿ ಎಲ್ಲರದೂ ಆದಮೇಲೆ ಉಳಿದದ್ದು ಅಜ್ಜಿಗೆ. ಕಾಯಿಲೆ ಬರುವ ಮೊದಲೇ ಮೈಯ ಗಂಟು ಕರಗಿರುತ್ತದೆ. ಮೇಲೆ ಜ್ವರ ಬಂದು ಉಳಿದದ್ದನ್ನೂ ಸುಡುತ್ತದೆ. ಆರೋಗ್ಯವಂತರಾದ ವೃದ್ಧರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ್ದಾರೆ. ಕಾಲಿನ ಸ್ನಾಯುವೇ ಒಂದು ಕಿಲೋದಷ್ಟು ಇಳಿಯಿತು. ಹೀಗಿರುವಾಗ ಸೊಂಟದ ಮೂಳೆ ಮುರಿದು ಬಂದ ಮುದುಕಿ ಏನಾದಾಳು? ಗಾಯ ಮಾಯುವುದಿಲ್ಲ, ಬೆನ್ನಿಗೆ ಹಾಸಿಗೆ ಹುಣ್ಣು, ಎದೆಗೆ ಕಫ. ಮೂಳೆ ಕೂಡಿತು ಎಂದು ಡಾಕ್ಟರು ಬರೆಯುತ್ತಾರೆ, ಮುದುಕಿ ಮಾತ್ರ ಏಳುವುದಿಲ್ಲ.

ಇದಕ್ಕೆ ನಮ್ಮ ಜನ ಕಂಡುಕೊಂಡ ಮದ್ದು ಗ್ಲೂಕೋಸ್ ಬಾಟಲಿ. "ಒಂದು ಬಾಟಲಿ ಏರಿಸಿ ಸಾಹೇಬ್ರೆ, ಶಕ್ತಿ ಬರಲಿ" ಎಂದು ಕೈ ಮುಗಿಯುತ್ತೇವೆ. ಆ ಅರ್ಧ ಲೀಟರಿನ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಒಂದು ಜೋಳದ ರೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಶಕ್ತಿಯುಂಟು. ಮೈ ಕಟ್ಟುವ ಪ್ರೋಟೀನು ಬಾಟಲಿಯಲ್ಲಿ ಎಳ್ಳಷ್ಟೂ ಇಲ್ಲ. ನೀರು ಆರಿದವರಿಗೆ ಅದು ಬೇಕು, ನಿಜ. ಊಟದ ಬದಲಿಗೆ ಅದು ಬರುವುದಿಲ್ಲ. ಇನ್ನು ಪಥ್ಯ! ಲಂಘನವೇ ಪರಮೌಷಧ ಎಂದವರ ಮಾತು ಉಂಡು ಕೊಬ್ಬಿದವರಿಗೆ ಸರಿ. ಬೇಳೆ ವಾಯು, ಮೊಟ್ಟೆ ಉಷ್ಣ, ಶೇಂಗಾ ಪಿತ್ತ ಎಂದು ತೆಗೆದುಹಾಕುತ್ತ ಹೋದರೆ ಕೊನೆಗೆ ಮುದುಕರ ಪಾಲಿಗೆ ಉಳಿಯುವುದು ಗಂಜಿಯ ತಿಳಿ.

ಮೇಲೂಟ ಕೊಟ್ಟರೆ ಪ್ರಯೋಜನ ಉಂಟೇ? ಪರೀಕ್ಷೆ ನಡೆದಿದೆ. ಸ್ವಿಟ್ಜರ್ಲೆಂಡಿನ ಎಂಟು ಆಸ್ಪತ್ರೆಗಳಲ್ಲಿ ಸೊರಗುವ ಅಪಾಯದಲ್ಲಿದ್ದ 2088 ರೋಗಿಗಳನ್ನು, ಬಹುಪಾಲು ವೃದ್ಧರನ್ನು, ಎರಡು ಪಾಲು ಮಾಡಿದರು. ಒಂದು ಪಾಲಿಗೆ ಆಸ್ಪತ್ರೆಯ ಎಂದಿನ ಊಟ. ಇನ್ನೊಂದಕ್ಕೆ ಇಂತಿಷ್ಟು ಶಕ್ತಿ, ಇಂತಿಷ್ಟು ಪ್ರೋಟೀನು ಎಂದು ಒಬ್ಬೊಬ್ಬರಿಗೂ ಲೆಕ್ಕ ಹಾಕಿದ ಊಟ. 2019ರಲ್ಲಿ ಫಲ ಪ್ರಕಟವಾಯಿತು. ಮೂವತ್ತು ದಿನದಲ್ಲಿ ಮೊದಲನೆಯ ಪಾಲಿನಲ್ಲಿ ನೂರಕ್ಕೆ ಹತ್ತು ಮಂದಿ ಸತ್ತರೆ, ಎರಡನೆಯದರಲ್ಲಿ ಏಳು. ಹೊಸ ಔಷಧಿಯಿಲ್ಲ, ಯಂತ್ರವಿಲ್ಲ.

ಎದುರು ಮಾತನ್ನೂ ಹೇಳಬೇಕು, ಇಲ್ಲವಾದರೆ ನಾವು ಮಾತ್ರೆ ಮಾರುವವರಂತಾದೇವು. 2005ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಪಾರ್ಶ್ವವಾಯು ಬಡಿದ 4023 ರೋಗಿಗಳಿದ್ದರು. ಅವರಲ್ಲಿ ಹೆಚ್ಚಿನವರು ಸೊರಗಿದವರಲ್ಲ. ಮೇಲೂಟದಿಂದ ಅವರಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆದ್ದರಿಂದಲೇ ತಕ್ಕಡಿಯ ಮಾತು ಮೊದಲು. ಸೊರಗಿದವರು ಯಾರೆಂದು ಗುರುತಿಸಿ ಅವರಿಗೆ ಕೊಟ್ಟರೆ ಖರ್ಚೂ ಮಿತಿಯಲ್ಲಿರುತ್ತದೆ. ಏಳಲಾಗದವರಿಗೆ ದರ್ಜಿಯ ಟೇಪು ಸಾಕು: ಮೀನಖಂಡದ ಸುತ್ತಳತೆ 31 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಮೈ ಕರಗಿದೆ ಎಂದು ಎಚ್ಚರಗೊಳ್ಳಬೇಕು.

ಯಾವ ಮೇಲೂಟ? ಔಷಧಿ ಅಂಗಡಿಯ ಗಾಜಿನ ಹಿಂದಿರುವ ಡಬ್ಬಿಯನ್ನು ಕೊಳ್ಳಲು ಎರಡು ಮೂರು ದಿನದ ಕೂಲಿ ಸುರಿಯುವವರನ್ನು ಕಂಡಿದ್ದೇವೆ. ಮೂಗಿನ ನಳಿಕೆಯಿಂದ ಉಣ್ಣುವವರಿಗೆ, ಏನೂ ಅಗಿಯಲಾಗದವರಿಗೆ ಡಾಕ್ಟರು ಅದನ್ನು ಬರೆದರೆ ಸರಿ. ಉಳಿದವರಿಗೆ ನಮ್ಮ ಸಂತೆ ಸಾಲದೇ? ನಲವತ್ತು ಕಿಲೋ ತೂಕದ ಕಾಯಿಲೆಯ ಮುದುಕನಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನು ಬೇಕು. ಎರಡು ಲೋಟ ಹಾಲು, ಒಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ಹುರಿದ ಶೇಂಗಾ, ಒಂದು ಹಿಡಿ ಪುಟಾಣಿ, ಇಷ್ಟರಿಂದ ಸುಮಾರು 30 ಗ್ರಾಂ ಪ್ರೋಟೀನು, 600 ಕ್ಯಾಲೊರಿ ಸಿಕ್ಕುತ್ತದೆ. ಶೇಂಗಾ, ಪುಟಾಣಿ ಕುಟ್ಟಿ ಹಾಲಿನಲ್ಲಿ ಕಲಸಿದರೆ ಹಲ್ಲಿಲ್ಲದವರೂ ತಿನ್ನುತ್ತಾರೆ. ಹಂಪಿಯ ತೋಟದ ಬಾಳೆಹಣ್ಣು ಕಿವುಚಿ ಹಾಕಿದರೆ ರುಚಿಯೂ ಆಯಿತು. ಒಂದೇ ಸಲ ತುರುಕಬಾರದು. ಊಟ ಊಟದ ನಡುವೆ ಸ್ವಲ್ಪ ಸ್ವಲ್ಪ.

ಎಚ್ಚರವೂ ಬೇಕು. ಐದಾರು ದಿನದಿಂದ ಏನೂ ತಿನ್ನದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸಿದರೆ ಪ್ರಾಣಾಪಾಯ. ವೈದ್ಯರ ಕಣ್ಣೆದುರು ನಿಧಾನ ಹೆಚ್ಚಿಸಬೇಕು. ಮೂತ್ರಪಿಂಡದ ಬೇನೆ, ಸಕ್ಕರೆ ಕಾಯಿಲೆಯವರ ಲೆಕ್ಕ ಬೇರೆ. ಪಾರ್ಶ್ವವಾಯು ಬಡಿದವರಿಗೆ ಮಲಗಿಸಿ ಹಾಲು ಹೊಯ್ದರೆ ಅದು ಶ್ವಾಸಕೋಶಕ್ಕೆ ಹೋದೀತು.

ಸರಕಾರಕ್ಕೆ ಇದೆಲ್ಲ ಎಲ್ಲಿ ನಿಲುಕುತ್ತದೆ ಎನ್ನುವವರಿಗೆ ಹಳೆಯದೊಂದು ಸಂಗತಿ ಹೇಳುತ್ತೇವೆ. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿ ಜಿಲ್ಲೆ ಹೆಣದ ರಾಶಿಯಾಯಿತು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಕೈಗೆ ಚಿಲ್ಲರೆ ಕಾಸು ಸಾಕು ಎಂದು 1877ರಲ್ಲಿ ರಿಚರ್ಡ್ ಟೆಂಪಲ್ ಸಾಹೇಬರು ಕಟ್ಟುಮಾಡಿದರು. ಅಷ್ಟರಲ್ಲಿ ಮೈ ಉಳಿಯದೆಂದು ಅದನ್ನು ವಿರೋಧಿಸಿದವರು ಅದೇ ಸರಕಾರದ ಆರೋಗ್ಯಾಧಿಕಾರಿ ಕಾರ್ನಿಷ್. ಎಷ್ಟು ಅನ್ನ ಕೊಟ್ಟರೆ ಬಡವ ಬದುಕಿಯಾನು ಎಂಬ ಲೆಕ್ಕದ ಜಗಳ ಈ ನೆಲಕ್ಕೆ ಹೊಸದಲ್ಲ.

ಮೊನ್ನೆಮೊನ್ನೆಯದನ್ನೂ ನೋಡಿ. ಮಂಗಳೂರಿನ ವೈದ್ಯಕೀಯ ಕಾಲೇಜೊಂದರ ಡಾಕ್ಟರ್ ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಝಾರ್ಖಂಡದಲ್ಲಿ 2800 ಕ್ಷಯರೋಗಿಗಳಿಗೆ ಔಷಧಿಯೊಡನೆ ಅಕ್ಕಿ, ಕಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ ಕೊಟ್ಟರು. 2023ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಲ್ಲಿ ಸಾವು ಬಹಳ ಕಡಿಮೆ. ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕೆ ಕೇಂದ್ರ ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಟ್ಟು, 2024ರ ನವೆಂಬರಿನಿಂದ 1000ಕ್ಕೆ ಏರಿಸಿತು. ರೋಗಿಗೆ ಅನ್ನವೂ ಔಷಧಿ ಎಂಬುದನ್ನು ಸರಕಾರ ಒಪ್ಪಿದಂತಾಯಿತಲ್ಲ? ಹಾಗಾದರೆ ನ್ಯುಮೋನಿಯಾ ಹಿಡಿದ ಅಜ್ಜನಿಗೆ, ಸೊಂಟ ಮುರಿದ ಅಜ್ಜಿಗೆ ಅದೇ ನ್ಯಾಯ ಏಕಿಲ್ಲ?

ತಟ್ಟೆ ತುಂಬಿದರಷ್ಟೇ ಸಾಲದು. ಒಂದು ವಾರ್ಡಿನಲ್ಲಿ ನಾವೇ ಕಂಡದ್ದು: ಕೈಗೆ ಸೂಜಿ ಚುಚ್ಚಿದ ಮುದುಕಪ್ಪ, ತಲೆಯ ಕಡೆ ಕಟ್ಟೆಯ ಮೇಲೆ ತಟ್ಟೆ, ಅನ್ನ ಆರಿ ಕಲ್ಲಾಗಿದೆ. ಮಗ ಒಂದು ದಿನ ತಪ್ಪಿಸಿದರೆ ಒಂದು ದಿನದ ಕೂಲಿ ಹೋಯಿತು. ಅವನು ಬರುವುದು ಸಂಜೆಗೆ. ಅಷ್ಟರಲ್ಲಿ ತಟ್ಟೆ ಎತ್ತಿಕೊಂಡು ಹೋಗಿದ್ದರು. ದಾದಿಯರನ್ನು ದೂರುವುದಿಲ್ಲ, ಒಬ್ಬಾಕೆಗೆ ನಲವತ್ತು ಹಾಸಿಗೆ ಕೊಟ್ಟವರನ್ನು ದೂರುತ್ತೇವೆ.

2021ರಲ್ಲಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆದ್ದರಿಂದ ಮನವಿಪತ್ರ ಎರಡು ಜಿಲ್ಲಾಧಿಕಾರಿಗಳಿಗೂ ಹೋಗತಕ್ಕದ್ದು. ಅರವತ್ತು ದಾಟಿದ ಪ್ರತಿ ರೋಗಿಯನ್ನೂ ಸೇರಿದ ದಿನವೇ ತೂಗಿ ಚೀಟಿಯಲ್ಲಿ ಬರೆಯಬೇಕು, ವಾರಕ್ಕೊಮ್ಮೆ ಮತ್ತೆ ತೂಗಬೇಕು. ಸೊರಗಿದವರಿಗೆ ಹಾಲು, ಮೊಟ್ಟೆ, ಶೇಂಗಾ-ಪುಟಾಣಿ ಹಿಟ್ಟು ಆಸ್ಪತ್ರೆಯ ಖರ್ಚಿನಲ್ಲೇ ಕೊಡಬೇಕು. ಊಟದ ಹೊತ್ತಿಗೆ ಉಣಿಸಲು ಸಂಬಳದ ಆಳು ಇರಬೇಕು. ಮನೆಗೆ ಕಳಿಸುವಾಗ ಒಂದು ತಿಂಗಳಿಗೆ ಸಾಲುವಷ್ಟು ಹಿಟ್ಟು ಕೈಗಿಡಬೇಕು. ಪತ್ರ ಬಾಗಿಲ ಬಳಿಯ ಮೇಜಿನ ಮೇಲಿದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ, ಪಕ್ಕದಲ್ಲಿ ಕೇರಿಯ ಹೆಸರು ಬರೆಸಿ.